ಯಜಮಾನನಿಲ್ಲದ ಹಡಗು



ಈ ಹೊತ್ತು ನಾನು ಮಾತಾಡಬೇಕೆಂದಿರುವುದು ಒಂದು ಹಡಗಿನ ವಿಷಯವಾಗಿ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ನಡುವೆ ವಾಸಿಸುವ ನಮಗೆ ಹಡಗಿನೊಡನೆ ಏನು ಸಂಬಂಧವೆಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮ ಕಾಗಿಣಾ ನದಿಯ ನೀರು ಹಡಗನ್ನು ಕಂಡುದಿಲ್ಲ. ನಮ್ಮ ಊರಾದ ಕುರಕುಂಟಾದಿಂದ ನೇರ ಪಶ್ಚಿಮಕ್ಕೆ ಹೊರಟರೆ ಅರಬ್ಬೀ ಸಮುದ್ರ 400 ಕಿಲೋಮೀಟರಿಗೂ ಮಿಕ್ಕಿದ ದೂರ. ಆದರೂ ಈ ಹಡಗಿನ ಕತೆಯನ್ನು ಕೇಳಿದ ಬಳಿಕ, ಅದು ನಮ್ಮ ಊರಿಗೆ ಎಷ್ಟು ಸಮೀಪದ್ದೆಂಬುದು ನಿಮಗೇ ತಿಳಿದೀತೆಂದು ನನ್ನ ನಂಬಿಕೆ.

ಆ ಹಡಗಿನ ಹೆಸರು ‘ಸೀ ಬರ್ಡ್’. ಅದು ಕಲ್ಪನೆಯ ಹಡಗು. 2020ರ ಫೆಬ್ರವರಿ 21ರಂದು ತೆರೆಕಂಡ, ಧರ್ಮಾ ಪ್ರೊಡಕ್ಷನ್ಸ್ ಸಂಸ್ಥೆ ನಿರ್ಮಿಸಿದ, ಭಾನುಪ್ರತಾಪ್ ಸಿಂಗ್ ಎಂಬ ನಿರ್ದೇಶಕರ ಪ್ರಥಮ ಕೃತಿಯಾದ ಒಂದು ಹಿಂದೀ ಚಲಚ್ಚಿತ್ರದಲ್ಲಿ ಅದು ಬರುತ್ತದೆ. ಚಿತ್ರದ ಹೆಸರು ‘ಭೂತ್: ಪಾರ್ಟ್ ಒನ್ – ದಿ ಹಾಂಟೆಡ್ ಶಿಪ್’. ನಾವು ಸುಲಭವಾಗಿ ‘ಭೂತ್’ ಎನ್ನೋಣ. ಕತೆಯ ಮೂಲ ಇಷ್ಟೆ. ಭಾರಿಯಾದೊಂದು ಸರಕಿನ ಹಡಗು, ನಡೆಸುವ ಕೈಯಾಗಲಿ ಉರಿಯುವ ದೀಪವಾಗಲಿ ಇಲ್ಲದೆ, ಸಮುದ್ರದಲ್ಲಿ ತೇಲುತ್ತ ತೇಲುತ್ತ ಮುಂಬಯಿಯ ಜುಹೂ ದಂಡೆಗೆ ಬಂದು ಮರಳಿನಲ್ಲಿ ಹೂತು ನಿಲ್ಲುತ್ತದೆ. ಅದನ್ನು ಅಲ್ಲಿಂದ ಸಾಗಿಸುವುದಕ್ಕೆ ಮೊದಲು ಒಳಗೆ ಏನಿದೆಯೆಂದು ನೋಡಬೇಕು. ಆ ಕೆಲಸ ಪೃಥ್ವಿ ಎಂಬ ಹಡಗು ಕಂಪನಿಯ ಅಧಿಕಾರಿಯ ಪಾಲಿಗೆ ಬರುತ್ತದೆ. ವಿಕ್ಕಿ ಕೌಶಲ್ ಈ ಪಾತ್ರವನ್ನು ಧರಿಸಿದ್ದಾರೆ. ಹೆಂಡತಿಯನ್ನೂ ಎಳೆಯ ಮಗಳನ್ನೂ ಜಲಾಪಘಾತವೊಂದರಲ್ಲಿ ಕಳೆದುಕೊಂಡು, ಆ ಮರಣಕ್ಕೆ ತಾನೇ ಹೊಣೆಯೆಂದು ನಂಬಿ, ಹಗಲು ಕಚೇರಿಯಲ್ಲಿ ಬದುಕಿರುವವನಂತೆ ನಡೆದುಕೊಂಡು ರಾತ್ರಿ ಸತ್ತವರೊಡನೆ ಮಾತಾಡುವ ಮನುಷ್ಯ ಅವನು.

ದೆವ್ವದ ಚಿತ್ರವೆಂದೊಡನೆ ಮುಖ ತಿರುಗಿಸುವ ಸಹೃದಯರು ನಮ್ಮಲ್ಲಿ ಬಹುಮಂದಿ ಇದ್ದಾರೆ. ಅವರಲ್ಲಿ ನನ್ನ ವಿಜ್ಞಾಪನೆ ಏನೆಂದರೆ, ನಮ್ಮ ಅಲಂಕಾರಶಾಸ್ತ್ರವು ಭಯಾನಕವನ್ನು ನವರಸಗಳಲ್ಲಿ ಒಂದೆಂದು ಒಪ್ಪಿಕೊಂಡು, ಭಯವೇ ಅದರ ಸ್ಥಾಯೀಭಾವವೆಂದು ಭರತಮುನಿಯ ಕಾಲದಿಂದಲೂ ಬೋಧಿಸುತ್ತ ಬಂದಿರುವಾಗ, ಆ ರಸವನ್ನು ಶ್ರದ್ಧೆಯಿಂದ ಸಾಧಿಸಲು ಹೊರಟ ಕೃತಿಯನ್ನು ಶ್ರದ್ಧೆಯಿಂದಲೇ ಪರಾಮರ್ಶಿಸುವುದು ನಮ್ಮ ಕರ್ತವ್ಯ. ನಾಟ್ಯಶಾಸ್ತ್ರದಲ್ಲಿ ಭಯಾನಕಕ್ಕೆ ಹೇಳಿರುವ ವಿಭಾವಗಳಲ್ಲಿ ಶೂನ್ಯವಾದ ಮನೆಯೂ ಅರಣ್ಯವೂ ಸೇರಿವೆ. ಶೂನ್ಯಗೃಹವೆಂಬ ಆ ಸೂಚನೆಯನ್ನು ಮನಸ್ಸಿನಲ್ಲಿಡಿ. ಈ ಭಾಷಣವೆಲ್ಲ ಅದರ ಸುತ್ತಲೇ ಸುತ್ತುತ್ತದೆ.

ಹಿಂದೀ ಚಿತ್ರರಂಗದ ಶೂನ್ಯಗೃಹ ಬಹುಕಾಲ ಒಂದೇ ಆಗಿತ್ತು. ಅದು ಹವೇಲಿ. 1949ರಲ್ಲಿ ಕಮಾಲ್ ಅಮ್ರೋಹಿಯವರು ನಿರ್ದೇಶಿಸಿದ ‘ಮಹಲ್’ ಚಿತ್ರದಲ್ಲಿ ಅಶೋಕ್ ಕುಮಾರರು ನದಿಯ ದಡದ ಪಾಳು ಸೌಧವೊಂದನ್ನು ಪ್ರವೇಶಿಸುತ್ತಾರೆ. ಮಧುಬಾಲಾ ಅಲ್ಲಿ ಕಾಣಿಸಿ ಮಾಯವಾಗುತ್ತಾರೆ. ಅಲ್ಲಿಂದ ಮುಂದೆ, 1962ರ ‘ಬೀಸ್ ಸಾಲ್ ಬಾದ್’, 1984ರಲ್ಲಿ ರಾಮ್ಸೇ ಸಹೋದರರು ತೆಗೆದ ‘ಪುರಾನಾ ಮಂದಿರ್’, ಹೀಗೆ ಹಲವು ಚಿತ್ರಗಳಲ್ಲಿ ದೆವ್ವವು ಜಮೀನುದಾರನ, ಠಾಕೂರನ, ರಾಜನ ಮನೆಯಲ್ಲೇ ವಾಸಮಾಡಿತು. ನಮ್ಮ ಕನ್ನಡದಲ್ಲಿಯೂ 2004ರ ‘ಆಪ್ತಮಿತ್ರ’ದ ನಾಗವಲ್ಲಿ ಅರಮನೆಯ ಕೋಣೆಯೊಂದರಲ್ಲಿ ಕಾದಿದ್ದಳು. ಇದಕ್ಕೆ ಕಾರಣವಿದೆ. ಅಂಥ ಮನೆಗಳಲ್ಲಿ ಅನ್ಯಾಯ ನಡೆದಿರುವುದು ಸತ್ಯ. ಆ ಅನ್ಯಾಯ ಕೇಳುವವರಿಲ್ಲದೆ ಮುಚ್ಚಿಹೋಗಿರುವುದೂ ಸತ್ಯ. 2003ರಲ್ಲಿ ರಾಮಗೋಪಾಲ ವರ್ಮರು ‘ಭೂತ್’ ಎಂಬ ಇದೇ ಹೆಸರಿನ ಚಿತ್ರ ಮಾಡಿದಾಗ ದೆವ್ವವನ್ನು ಹವೇಲಿಯಿಂದ ಎಬ್ಬಿಸಿ ಮುಂಬಯಿಯ ಬಹುಮಹಡಿ ಕಟ್ಟಡದ ಫ್ಲ್ಯಾಟಿಗೆ ತಂದರು. ಅದು ದೊಡ್ಡ ಸ್ಥಳಾಂತರ. ಹದಿನೇಳು ವರ್ಷಗಳ ಬಳಿಕ ಭಾನುಪ್ರತಾಪ್ ಸಿಂಗರು ಅದನ್ನು ಹಡಗಿಗೆ ಏರಿಸಿದರು.

ಹಡಗು ಮನೆಯಲ್ಲ, ದುಡಿಮೆಯ ಸ್ಥಳ. ಈ ಬದಲಾವಣೆ ಹೊರಗಣ್ಣಿಗೆ ಅಲ್ಪವಾಗಿ ಕಂಡರೂ ಫಲ ಬಹಳ ದೊಡ್ಡದು. ಹವೇಲಿಯನ್ನು ಬಿಟ್ಟುಹೋದವರು ಅದರ ಒಡೆಯರು. ಹಡಗನ್ನಾದರೋ ಒಡೆಯನು ದೂರದ ಯಾವುದೋ ನಗರದ ಕಚೇರಿಯಲ್ಲಿ ಕುಳಿತು, ಕಾಗದದ ಮೇಲೆ ಬಿಟ್ಟುಬಿಡುತ್ತಾನೆ. ಬಿಡಬೇಕಾದವರು, ಕೆಲವೊಮ್ಮೆ ಬಿಡಲಾಗದೆ ಉಳಿದವರು, ಅಲ್ಲಿ ದುಡಿದವರು. ಹೀಗಾಗಿ ತೊರೆದ ಹಡಗಿನೊಳಗಿನ ಭಯವು ವಂಶದ ಶಾಪದಿಂದ ಹುಟ್ಟುವ ಭಯಕ್ಕಿಂತ ಬೇರೆ ಜಾತಿಯದು.

ಈವರೆಗೆ ಚಿತ್ರದ ಕತೆಯನ್ನೂ, ಅದು ಭಯದ ನೆಲೆಯನ್ನು ಮನೆಯಿಂದ ದುಡಿಮೆಯ ಸ್ಥಳಕ್ಕೆ ಸಾಗಿಸಿದ ಬಗೆಯನ್ನೂ ನೋಡಿದೆವು. ಇನ್ನು, ಹೀಗೆ ಹಡಗು ತಾನಾಗಿ ದಡಕ್ಕೆ ಬರುವುದು ಸಾಧ್ಯವೇ ಎಂಬುದನ್ನು ವಿಚಾರಿಸೋಣ.

ಸಾಧ್ಯ. ನಡೆದಿದೆ. ಅದೂ ಅದೇ ಜುಹೂ ದಂಡೆಯಲ್ಲಿ, ಒಂದೇ ಮಳೆಗಾಲದಲ್ಲಿ ಎರಡು ಬಾರಿ. 2011ರ ಜೂನ್ ತಿಂಗಳಲ್ಲಿ ‘ಎಂ.ವಿ. ವಿಸ್ಡಮ್’ ಎಂಬ ಸುಮಾರು 9 ಸಾವಿರ ಟನ್ನಿನ ಹಡಗನ್ನು ಕೊಲಂಬೊದಿಂದ ಗುಜರಾತಿನ ಅಲಂಗಿಗೆ ಎಳೆದೊಯ್ಯಲಾಗುತ್ತಿತ್ತು. ಅಲಂಗ್ ಎಂದರೆ ಹಡಗುಗಳನ್ನು ಒಡೆದು ಗುಜರಿ ಮಾಡುವ ಕಡಲತೀರ. ಅಂದರೆ ಆ ಹಡಗು ತನ್ನ ಕೊನೆಯ ಯಾತ್ರೆಯಲ್ಲಿತ್ತು. ಒಳಗೆ ಯಾರೂ ಇರಲಿಲ್ಲ. ಮುಂದೆ ಟಗ್ ದೋಣಿ, ನಡುವೆ ಹಗ್ಗ, ಹಿಂದೆ ಹಡಗು. ಮಳೆಗಾಲದ ಅಲೆಗಳ ನಡುವೆ ಹಗ್ಗ ಕಡಿಯಿತು. ಹಡಗು ಅಲೆದು ಅಲೆದು ಜುಹೂವಿನ ಮರಳಿಗೆ ಬಂದು ಕುಳಿತಿತು. ಮುಂಬಯಿಯ ಜನ ಮಳೆಯನ್ನೂ ಲೆಕ್ಕಿಸದೆ ಅದನ್ನು ನೋಡಲು ಬಂದರು. ಅದನ್ನು ಮತ್ತೆ ನೀರಿಗೆ ಎಳೆಯಲು ಮೂರು ವಾರಗಳೇ ಬೇಕಾದವು. ‘ಭೂತ್’ ಚಿತ್ರಕ್ಕೆ ಪ್ರೇರಣೆ ಈ ಘಟನೆಯೇ.

ಎರಡನೆಯದು ಇದಕ್ಕಿಂತ ಆಶ್ಚರ್ಯದ್ದು. ಅದರ ಹೆಸರು ‘ಎಂ.ವಿ. ಪವಿತ್’. ಸುಮಾರು ಸಾವಿರ ಟನ್ನಿನ ಸಣ್ಣ ಹಡಗು. ಜೂನ್ ಕೊನೆಯ ಹೊತ್ತಿಗೆ ಒಮಾನಿನ ಸಮುದ್ರದಲ್ಲಿ ಅದರ ಎಂಜಿನ್ ಕೋಣೆಗೆ ನೀರು ನುಗ್ಗಿತು. ಒಳಗಿದ್ದ 13 ಮಂದಿ ಭಾರತೀಯ ನಾವಿಕರನ್ನು ಬ್ರಿಟಿಷ್ ನೌಕಾಪಡೆಯ ಹಡಗೊಂದು ಪಾರುಮಾಡಿತು. ಪವಿತ್ ಮುಳುಗಿತೆಂದೇ ಎಲ್ಲರೂ ಭಾವಿಸಿದರು. ಅದು ಮುಳುಗಲಿಲ್ಲ. ಒಂದು ತಿಂಗಳ ಕಾಲ, ನೈಋತ್ಯ ಮಾರುತವು ತಳ್ಳಿದಂತೆ, ಪ್ರವಾಹವು ಒಯ್ದಂತೆ, ಇಡೀ ಅರಬ್ಬೀ ಸಮುದ್ರವನ್ನು ಒಬ್ಬ ಮನುಷ್ಯನ ನೆರವೂ ಇಲ್ಲದೆ ದಾಟಿ, ಜುಲೈ 31ರಂದು ಜುಹೂ ದಂಡೆಯಲ್ಲಿ ಪ್ರತ್ಯಕ್ಷವಾಯಿತು. 2008ರ ಭಯೋತ್ಪಾದಕ ದಾಳಿಯ ತರುವಾಯ ಕಡಲ ಕಾವಲನ್ನು ಮೂರು ಸುತ್ತಾಗಿ ಬಿಗಿಗೊಳಿಸಿದ್ದ ಕಾಲ ಅದು. ನೌಕಾಪಡೆ, ಕರಾವಳಿ ರಕ್ಷಣಾ ಪಡೆ, ಕರಾವಳಿ ಪೊಲೀಸರು, ಈ ಮೂವರ ಕಣ್ಣಿಗೂ ಅದು ಬೀಳಲಿಲ್ಲ.

ಇದರಲ್ಲಿ ಪವಾಡವೇನೂ ಇಲ್ಲ. ಹಡಗಿನ ಒಡಲನ್ನು ಬಿಗಿಯಾದ ಉಕ್ಕಿನ ಗೋಡೆಗಳಿಂದ ಹಲವು ಕೋಣೆಗಳಾಗಿ ವಿಭಾಗಿಸಿರುತ್ತಾರೆ. ಒಂದು ಕೋಣೆಗೆ ನೀರು ನುಗ್ಗಿದರೂ ಉಳಿದವುಗಳ ಗಾಳಿ ಅದನ್ನು ತೇಲಿಸಬಲ್ಲದು. ಮಳೆಗಾಲದಲ್ಲಿ ಗಾಳಿ ಬೀಸುವ ದಿಕ್ಕು ಸಮುದ್ರದಿಂದ ನಮ್ಮ ನೆಲದ ಕಡೆಗೆ. ಒಮಾನಿನಲ್ಲಿ ಬಿಟ್ಟದ್ದು ಮುಂಬಯಿಗೆ ಬರುವುದು ಪ್ರಕೃತಿಯ ನಿಯಮಕ್ಕೆ ಅನುಸಾರವೇ. ಆದರೆ ಕಾರಣ ತಿಳಿದ ಮಾತ್ರಕ್ಕೆ ಭಯ ಮಾಯವಾಗದು. ಬೆಳಗಿನ ವೇಳೆ ದಂಡೆಗೆ ತಿರುಗಾಡಲು ಬಂದವನೊಬ್ಬನು, ನಿನ್ನೆ ಬರಿಯ ನೀರಿದ್ದಲ್ಲಿ ಇಂದು ಹಡಗು ನಿಂತಿರುವುದನ್ನು ಕಂಡನೆಂದು ಊಹಿಸಿರಿ. ಅವನಿಗೆ ಮಾರುತಗಳ ಶಾಸ್ತ್ರವನ್ನು ಯಾರು ಹೇಳಿಯಾರು?

ಹಡಗು ಬಂದದ್ದಾಯಿತು. ಇನ್ನು ಅದರ ಒಳಹೋಗೋಣ. ಈ ಬಾನುಲಿಯಲ್ಲಿ ನಾನು ನಿಮಗೆ ಚಿತ್ರವನ್ನು ತೋರಿಸಲಾರೆ. ತೋರಿಸಬೇಕಾದ ಅವಶ್ಯಕತೆಯೂ ಅಷ್ಟಿಲ್ಲ. ‘ಭೂತ್’ ಚಿತ್ರದ ಪೂರ್ವಾರ್ಧದಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಕಂಡದ್ದಕ್ಕಿಂತ ಕೇಳಿದ್ದು ಹೆಚ್ಚು. ನೀವು ಕಣ್ಣು ಮುಚ್ಚಿಕೊಂಡರೂ ಸಾಕು.

ಮುಂಬಯಿಯ ಕಡಲಿನಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಮರಳಿನಲ್ಲಿ ಕುಳಿತ ಹಡಗನ್ನು ಭರತದ ನೀರು ಸ್ವಲ್ಪ ಎತ್ತುತ್ತದೆ. ಇಳಿತದಲ್ಲಿ ಅದು ಮತ್ತೆ ತನ್ನ ಭಾರಕ್ಕೆ ಕುಸಿಯುತ್ತದೆ. ಆಗ ಉಕ್ಕಿನ ತಗಡುಗಳು ನರಳುತ್ತವೆ. ಹಗಲು ಬಿಸಿಲಿಗೆ ಹಿಗ್ಗಿದ ಲೋಹ ರಾತ್ರಿ ತಂಪಿಗೆ ಕುಗ್ಗುವಾಗ ದೂರದಲ್ಲಿ ಯಾರೋ ಸುತ್ತಿಗೆಯಿಂದ ಹೊಡೆದ ಸದ್ದಾಗುತ್ತದೆ. ಅಗಲ ಕಡಿಮೆಯಾದ ಓಣಿಗಳು, ಕಡಿದಾದ ಕಬ್ಬಿಣದ ಏಣಿಗಳು, ಒಂದರೊಳಗೊಂದು ತೆರೆಯುವ ಬಾಗಿಲುಗಳು, ಗಾಳಿಗೆಂದು ಮಾಡಿದ ಕೊಳವೆಗಳು: ಇವುಗಳಲ್ಲಿ ಒಂದು ಸಣ್ಣ ದನಿ ಹೊಕ್ಕರೂ ಎಲ್ಲಿಂದ ಹುಟ್ಟಿತೆಂದು ತಿಳಿಯದೆ ನಾಲ್ಕೂ ಕಡೆಯಿಂದ ಮರಳುತ್ತದೆ. ಪೃಥ್ವಿ ಒಂದು ಕೈದೀಪ ಹಿಡಿದು ಇಲ್ಲಿ ನಡೆಯುತ್ತಾನೆ. ದೀಪದ ವೃತ್ತದೊಳಗೆ ಕಾಣುವುದು ಎರಡು ಮಾರು. ಹೊರಗೆ ಕಾಣದಿರುವುದು ಇಡೀ ಹಡಗು. ನಿರ್ದೇಶಕರು ಇಲ್ಲಿ ಆತುರಪಡುವುದಿಲ್ಲ. ಯಾವುದನ್ನೂ ಥಟ್ಟನೆ ಮುಂದಕ್ಕೆ ಚಾಚದೆ, ನೋಡುವವನು ತನ್ನ ಭಯವನ್ನು ತಾನೇ ನೂಲುವಂತೆ ಮಾಡುತ್ತಾರೆ. ಈ ಸಂಯಮ ಹಿಂದೀ ಭಯಚಿತ್ರಗಳಲ್ಲಿ ವಿರಳ. ಇದಕ್ಕಾಗಿ ಅವರನ್ನು ಮನಸಾರೆ ಹೊಗಳಬೇಕು.

ಕತೆಯ ಇನ್ನೊಂದು ಗುಣವನ್ನೂ ಹೇಳಬೇಕು. ಎಲ್ಲರೂ ಬಿಟ್ಟುಹೋದ ಹಡಗಿನೊಳಗೆ, ತನ್ನ ಸತ್ತವರನ್ನು ಬಿಡಲಾರದ ಮನುಷ್ಯನನ್ನು ತಂದು ನಿಲ್ಲಿಸಿರುವುದು ಸಾಮಾನ್ಯ ಯೋಜನೆಯಲ್ಲ. ಭೂಮಿ ಪೆಡ್ನೇಕರ್ ಅವನ ಮಡದಿಯಾಗಿ ಸ್ವಲ್ಪವೇ ಹೊತ್ತು ಬರುತ್ತಾರೆ. ಆದರೂ ಆಕೆಯ ಅಭಾವ ಚಿತ್ರದುದ್ದಕ್ಕೂ ಹರಡಿದೆ. ಅವನು ಔಷಧವನ್ನು ಒಲ್ಲೆನೆನ್ನುತ್ತಾನೆ. ಔಷಧ ತೆಗೆದುಕೊಂಡರೆ ಹೆಂಡತಿ ಮಗಳು ಕಾಣಿಸುವುದು ನಿಂತುಹೋಗುತ್ತದೆ; ಆ ಎರಡನೆಯ ಮರಣವನ್ನು ಸಹಿಸುವ ಶಕ್ತಿ ಅವನಲ್ಲಿಲ್ಲ. ಇಂಥವನಿಗೆ ಹಡಗಿನಲ್ಲಿ ಒಂದು ಆಕೃತಿ ಕಂಡರೆ ಅದು ಹೊರಗಿನದೋ ಒಳಗಿನದೋ? ನಮಗೂ ತಿಳಿಯದು, ಅವನಿಗೂ ತಿಳಿಯದು. ಶೋಕವೂ ಭಯವೂ ಒಂದೇ ಬೇರಿನಿಂದ ಚಿಗುರುವುದನ್ನು ವಿಕ್ಕಿ ಕೌಶಲರ ಮುಖದಲ್ಲಿ, ಮಾತಿಲ್ಲದ ಆ ದೀರ್ಘ ದೃಶ್ಯಗಳಲ್ಲಿ, ಕಾಣಬಹುದು. ಕರುಣವನ್ನು ಕಳೆದುಕೊಂಡ ಭಯಾನಕ ಬರಿಯ ಬೆದರಿಕೆಯಾಗುತ್ತದೆ. ಈ ಚಿತ್ರದ ಮೊದಲ ಒಂದು ಗಂಟೆಯಲ್ಲಿ ಆ ದೋಷವಿಲ್ಲ.

ಈವರೆಗೆ ಹೊಗಳಿದೆ. ಇನ್ನು ಆಕ್ಷೇಪ. ಉತ್ತರಾರ್ಧಕ್ಕೆ ಬರುತ್ತಲೇ ಚಿತ್ರಕ್ಕೆ ತನ್ನ ಹಡಗಿನ ಮೇಲೆಯೇ ನಂಬಿಕೆ ತಪ್ಪುತ್ತದೆ. ಆಶುತೋಷ್ ರಾಣಾ ಅಭಿನಯಿಸಿದ ಪ್ರೊಫೆಸರ್ ಜೋಶಿ ಎಂಬ ಪ್ರೇತವಿದ್ಯಾ ಪಂಡಿತರು ಬರುತ್ತಾರೆ. ಯಂತ್ರ ಬರುತ್ತದೆ, ಮಂತ್ರ ಬರುತ್ತದೆ. ಪ್ರೇಮ, ದ್ರೋಹ, ಕೊಲೆಗಳ ಒಂದು ಹಳೆಯ ಕತೆಯನ್ನು ಯಾರೋ ಕುಳಿತು ವಿವರಿಸುತ್ತಾರೆ. ಅದನ್ನು ಇಲ್ಲಿ ಬಿಡಿಸಿ ಹೇಳಿ, ಇನ್ನೂ ನೋಡದವರ ಕುತೂಹಲವನ್ನು ಕೆಡಿಸಲಾರೆ. ಆದರೆ ಇಷ್ಟನ್ನು ಹೇಳಬೇಕು: ಆ ಕತೆಯನ್ನು ಹಡಗಿನಿಂದ ಎತ್ತಿ ಯಾವ ಹವೇಲಿಯಲ್ಲಿಟ್ಟರೂ ಒಂದಕ್ಷರ ಬದಲಾಯಿಸಬೇಕಾಗಿಲ್ಲ. ಕಷ್ಟಪಟ್ಟು ಸಮುದ್ರದವರೆಗೆ ಕರೆತಂದ ಭೂತವನ್ನು ಮತ್ತೆ ಠಾಕೂರನ ಮನೆಗೆ ಕಳುಹಿಸಿದಂತಾಯಿತು. ನಮ್ಮ ‘ಆಪ್ತಮಿತ್ರ’ ಅರಮನೆಯಲ್ಲೇ ಉಳಿದರೂ, ಕೊನೆಗೆ ಮನೋವೈದ್ಯನ ಮೂಲಕ ಮನುಷ್ಯಮನಸ್ಸಿನ ಒಳಗೆ ಇಳಿಯಿತು. ಮೊದಲು ಹಿಡಿದ ಹಾದಿಯನ್ನು ಅದು ಬಿಡಲಿಲ್ಲ. ‘ಭೂತ್’ ಬಿಟ್ಟಿತು. ಪ್ರೇತಕ್ಕೆ ಪೂರ್ವವೃತ್ತಾಂತ ಸಿಕ್ಕಿದ ಕ್ಷಣದಲ್ಲಿ ಹಡಗು ಬರಿಯ ಹಿನ್ನೆಲೆಯಾಯಿತು. ಅದರ ಯಜಮಾನರು ಯಾರು, ಅದರಲ್ಲಿ ದುಡಿದವರೆಲ್ಲ ಏನಾದರು ಎಂಬ ಪ್ರಶ್ನೆಗಳು ಹೊಗೆಯಲ್ಲಿ ಕರಗಿದವು.

ಈ ಪ್ರಶ್ನೆಗಳನ್ನು ಕೇಳುವ ಹಕ್ಕು ನಮ್ಮ ಸೀಮೆಯವರಿಗೆ ವಿಶೇಷವಾಗಿ ಇದೆಯೆಂದು ನಾನು ಭಾವಿಸುತ್ತೇನೆ. ಕಾರಣವನ್ನು ಹೇಳುತ್ತೇನೆ.

ನಾವು ಮೆಟ್ಟಿ ನಡೆಯುವ ಈ ನೆಲ ಒಂದು ಕಾಲದಲ್ಲಿ ಸಮುದ್ರದ ತಳವಾಗಿತ್ತು. ಶಹಾಬಾದಿನ ಖಣಿಗಳಲ್ಲಿ ಪದರ ಪದರವಾಗಿ ಏಳುವ ಫರ್ಸಿ ಕಲ್ಲು, ಕೋಟಿಕೋಟಿ ವರ್ಷಗಳ ಹಿಂದೆ ಆಳವಿಲ್ಲದ ಕಡಲಿನಲ್ಲಿ ಕೆಳಗಿಳಿದು ಗಟ್ಟಿಯಾದ ಸುಣ್ಣದ ಕೆಸರು. ಭೂವಿಜ್ಞಾನಿಗಳು ಇದನ್ನು ಭೀಮಾ ಸ್ತರಗಳೆಂದು ಕರೆಯುತ್ತಾರೆ. ಆ ಸುಣ್ಣದ ಕಲ್ಲಿನಿಂದಾಗಿ ವಾಡಿ, ಶಹಾಬಾದ, ಸೇಡಂ, ಮಳಖೇಡಗಳಲ್ಲಿ ಸಿಮೆಂಟು ಕಾರ್ಖಾನೆಗಳು ಎದ್ದವು. ಅವುಗಳ ಸಾಲಿನಲ್ಲಿ ಕುರಕುಂಟಾದಲ್ಲಿಯೂ ಒಂದು ಎದ್ದಿತು. ಕೇಂದ್ರ ಸರಕಾರದ ಸಿಮೆಂಟ್ ಕಾರ್ಪೊರೇಷನ್ ಆಫ್ ಇಂಡಿಯಾ ಸಂಸ್ಥೆಯದು. ಎಪ್ಪತ್ತರ ದಶಕದ ಆರಂಭದಲ್ಲಿ ಅದು ಕೆಲಸ ತೊಡಗಿತು. ವರ್ಷಕ್ಕೆ ಸುಮಾರು 2 ಲಕ್ಷ ಟನ್ ಅದರ ಸಾಮರ್ಥ್ಯ. ಭೋಂಗಾ ಕೂಗಿದಾಗ ಪಾಳಿ ಬದಲಾಗುವ ಬದುಕು ಒಂದು ತಲೆಮಾರು ನಡೆಯಿತು. ಸಂಸ್ಥೆ ನಷ್ಟಕ್ಕೆ ಬಿದ್ದು, ರೋಗಗ್ರಸ್ತ ಉದ್ಯಮವೆಂದು ಘೋಷಿತವಾಗಿ, ತೊಂಬತ್ತರ ದಶಕದ ಕೊನೆಗೆ ಕುರಕುಂಟಾದ ಬಟ್ಟಿ ತಣ್ಣಗಾಯಿತು. 2006ರಲ್ಲಿ ಒಪ್ಪಿಗೆಯಾದ ಪುನಶ್ಚೇತನ ಯೋಜನೆಯಲ್ಲಿ ನೆರೆಯ ತಾಂಡೂರು, ಅಸ್ಸಾಮಿನ ಬೊಕಾಜಾನ್, ಹಿಮಾಚಲದ ರಾಜಬನ್ ಈ ಮೂರನ್ನು ಉಳಿಸಿಕೊಂಡು ಉಳಿದ ಏಳನ್ನು ಮುಚ್ಚುವುದೆಂದಾಯಿತು. ಆ ಏಳರಲ್ಲಿ ನಮ್ಮದೂ ಒಂದು.

ಶ್ರೋತೃಗಳೇ, ಇಲ್ಲಿ ನಾನು ಬಹುಕಾಲದಿಂದ ಯೋಚಿಸುತ್ತಿದ್ದ ಒಂದು ಮಾತನ್ನು ನಿಮ್ಮ ಮುಂದಿಡುತ್ತೇನೆ. ನಮ್ಮ ಹತ್ತಿರದಲ್ಲೇ ಮಳಖೇಡವಿದೆ. ರಾಷ್ಟ್ರಕೂಟರ ಮಾನ್ಯಖೇಟ ಅದು. 972ರಲ್ಲಿ ಪರಮಾರ ಸೀಯಕನ ಸೈನ್ಯ ಅದನ್ನು ಸೂರೆಮಾಡಿತು. ಸಾವಿರ ವರ್ಷದ ಪಾಳು. ಅಲ್ಲಿನ ಕೋಟೆಯೊಳಗೆ ಸಂಜೆ ಹೊತ್ತು ನಿಂತರೆ ಮನಸ್ಸಿಗೆ ಒಂದು ಗಾಂಭೀರ್ಯ ಬರುತ್ತದೆ, ವಿಷಾದವೂ ಬರಬಹುದು, ಭಯ ಬಾರದು. ಆದರೆ ತೊಂಬತ್ತರ ದಶಕದ ಕೊನೆಗೆ ನಿಂತ ಕಾರ್ಖಾನೆಯ ಕಡೆ, ಹೊತ್ತು ಮುಳುಗಿದ ಮೇಲೆ ಹೋಗಬೇಡವೆಂದು ಹಿರಿಯರು ಮಕ್ಕಳನ್ನು ತಡೆಯುತ್ತಾರೆ. ಹೀಗೇಕೆ? ಮಾನ್ಯಖೇಟವನ್ನು ಬಿಟ್ಟುಹೋದವರ ಲೆಕ್ಕ ಚರಿತ್ರೆಯಲ್ಲಿ ಮುಗಿದಿದೆ. ಕಾರ್ಖಾನೆಯ ಲೆಕ್ಕ ಮುಗಿದಿಲ್ಲ. ಅಲ್ಲಿ ಪಾಳಿ ಮುಗಿಸಿದವನು ಇನ್ನೂ ಪಕ್ಕದ ಓಣಿಯಲ್ಲಿ ಬದುಕಿದ್ದಾನೆ. ಅವನ ಹಾಜರಿ ಎಲ್ಲೋ ಒಂದು ಪುಸ್ತಕದಲ್ಲಿದೆ. ಮನುಷ್ಯನು ದಿನಾಲು ಕೈಯಿಟ್ಟ ಹಿಡಿಕೆ, ದಾಟಿದ ಬಾಗಿಲು, ಬೆಳಗಿದ ದೀಪ, ಇವೆಲ್ಲ ಅವನು ಮರಳಿ ಬರುವನೆಂದು ಕಾಯುತ್ತಿರುವಂತೆ ಇದ್ದಲ್ಲೇ ಇರುತ್ತವೆ. ಪೂರ್ಣವಾಗಿ ಸತ್ತ ಸ್ಥಳ ನಮ್ಮನ್ನು ಅಂಜಿಸುವುದಿಲ್ಲ. ಅರ್ಧಕ್ಕೆ ಬಿಟ್ಟ ಸ್ಥಳ ಅಂಜಿಸುತ್ತದೆ. ಕಲಬುರಗಿಯ ನಿಂತುಹೋದ ಎಂ.ಎಸ್.ಕೆ. ಮಿಲ್ಲಿನ ಮುಂದೆ ನಿಂತವರಿಗೂ ಈ ಅನುಭವ ಆಗಿರಬಹುದು. ‘ಸೀ ಬರ್ಡ್’ ಹಡಗಿನ ಕತೆಯ ಪೂರ್ವಾರ್ಧದ ಭಯ ಈ ಬಗೆಯದು. ಆದುದರಿಂದಲೇ ಕಡಲು ಕಾಣದ ನನಗೂ ಅದು ಪರಿಚಿತವೆನಿಸಿತು. ಆದುದರಿಂದಲೇ ಅದನ್ನು ಬಿಟ್ಟು ಮಂತ್ರವಾದಿಯ ಬಳಿ ಓಡಿದ್ದಕ್ಕೆ ನನಗೆ ದುಃಖವಾಯಿತು.

ಹಡಗುಗಳಿಗೆ ಮರಳೋಣ. ಮುಂಬಯಿಯೇ ಏಕೆ, ನಮ್ಮ ಕನ್ನಡ ಕರಾವಳಿಯೂ ಇಂಥ ಹಡಗುಗಳನ್ನು ಬಲ್ಲದು. 2006ರ ಮಳೆಗಾಲದ ಮೊದಲಲ್ಲಿ ‘ಓಷನ್ ಸೆರಾಯಾ’ ಎಂಬ ಹಡಗು ಕಾರವಾರದ ಬಳಿ ಬಂಡೆಗೆ ತಾಗಿ, ಅದರ ಇಂಧನ ತೈಲ ಸೋರಿ ತೀರವನ್ನು ಮಲಿನಗೊಳಿಸಿತು. 2009ರಲ್ಲಿ ಕಬ್ಬಿಣದ ಅದಿರು ಹೊತ್ತ ‘ಏಷಿಯನ್ ಫಾರೆಸ್ಟ್’ ಮಂಗಳೂರಿನ ಸಮುದ್ರದಲ್ಲಿ ಮುಳುಗಿತು. 2022ರ ಜೂನ್ ತಿಂಗಳಲ್ಲಿ, ಸುಮಾರು 8 ಸಾವಿರ ಟನ್ ಉಕ್ಕಿನ ಸುರುಳಿಗಳನ್ನು ಚೀನಾದಿಂದ ಲೆಬನಾನಿಗೆ ಒಯ್ಯುತ್ತಿದ್ದ ‘ಪ್ರಿನ್ಸೆಸ್ ಮಿರಾಲ್’ ಉಳ್ಳಾಲದ ಹತ್ತಿರ ನೆಲಕ್ಕೆ ಕೂತಿತು. ಅದರಲ್ಲಿದ್ದ 15 ಮಂದಿ ಸಿರಿಯಾ ದೇಶದ ನಾವಿಕರನ್ನು ಕರಾವಳಿ ರಕ್ಷಣಾ ಪಡೆಯವರು ಕರೆತಂದರು. ಹಡಗು ಅಲ್ಲೇ ಉಳಿಯಿತು. ತಮ್ಮದಲ್ಲದ ಹಡಗಿನ ತೈಲ ಎಲ್ಲಿ ತಮ್ಮ ಬಲೆಗೆ ಬಂದೀತೋ ಎಂಬ ಚಿಂತೆ ಮಾತ್ರ ಮೀನುಗಾರರ ಪಾಲಿಗೆ ಬಂದಿತು.

ಹಡಗು ಒಡೆದಾಗ ಮನುಷ್ಯರನ್ನು ಇಳಿಸಿಕೊಳ್ಳುತ್ತಾರೆ. ಒಡೆಯದೆ ನಿಂತಾಗ ಏನಾಗುತ್ತದೆ? ನಾನು ಓದಿದ ಯಾವ ಪ್ರೇತಕತೆಯೂ ಇದಕ್ಕೆ ಸಮನಾಗದು, ಕೇಳಿರಿ. 2017ರಲ್ಲಿ ‘ಎಂ.ವಿ. ಅಮನ್’ ಎಂಬ ಸರಕು ಹಡಗನ್ನು ಈಜಿಪ್ಟಿನ ಸೂಯೆಜ್ ಬಳಿಯ ಅದಬಿಯಾ ಬಂದರಿನಲ್ಲಿ ತಡೆಹಿಡಿದರು. ಯಜಮಾನರು ಬಾಕಿ ತೀರಿಸಲಿಲ್ಲ. ನ್ಯಾಯಾಲಯವು ಹಡಗಿನ ಮುಖ್ಯಾಧಿಕಾರಿಯಾದ ಸಿರಿಯಾದ ನಾವಿಕನೊಬ್ಬನನ್ನು ಅದರ ಕಾನೂನಿನ ಪಾಲಕನೆಂದು ಗೊತ್ತುಮಾಡಿತು. ಆ ಕಾಗದಕ್ಕೆ ಸಹಿ ಮಾಡಿದುದರ ಅರ್ಥ ಅವನಿಗೆ ತಿಂಗಳುಗಳ ಮೇಲೆ ತಿಳಿಯಿತು. ಅವನು ಇಳಿಯುವಂತಿಲ್ಲ. ಒಬ್ಬೊಬ್ಬರಾಗಿ ಉಳಿದವರೆಲ್ಲ ಹೊರಟುಹೋದರು. ಇವನೊಬ್ಬನೇ ಉಳಿದ. ಅವನು ಅಲ್ಲಿರುವಾಗಲೇ ಊರಿನಲ್ಲಿ ತಾಯಿ ತೀರಿಕೊಂಡಳು. ಹಡಗಿನಲ್ಲಿ ವಿದ್ಯುತ್ತಿಲ್ಲ. ರಾತ್ರಿ ಏನೂ ಕಾಣದು, ಏನೂ ಕೇಳದು. ಶವಪೆಟ್ಟಿಗೆಯೊಳಗೆ ಇದ್ದಂತೆ ಆಗುತ್ತಿತ್ತೆಂದು ಅವನು ಆಮೇಲೆ ಸುದ್ದಿಗಾರರಿಗೆ ಹೇಳಿದ. ಬಿರುಗಾಳಿಯೊಂದು ಹಡಗನ್ನು ದಡದ ಸಮೀಪಕ್ಕೆ ತಳ್ಳಿದ ಮೇಲೆ, ಕೆಲವು ದಿನಗಳಿಗೊಮ್ಮೆ ಈಜಿ ದಡ ಸೇರಿ, ಆಹಾರ ಕೊಂಡು, ಫೋನಿಗೆ ಚಾರ್ಜು ತುಂಬಿಸಿಕೊಂಡು ಮರಳುತ್ತಿದ್ದ. ಹೀಗೆ ಸುಮಾರು ನಾಲ್ಕು ವರ್ಷ. 2021ರ ಏಪ್ರಿಲಿನಲ್ಲಿ ಅವನಿಗೆ ಬಿಡುಗಡೆಯಾಯಿತು.

ಜೀವಂತ ಮನುಷ್ಯನನ್ನು ಹಡಗಿನ ಪ್ರೇತವಾಗಿ ಮಾಡುವ ವಿಧಾನ ಇದು. ಇದಕ್ಕೆ ಶಾಪ ಬೇಡ, ಕೊಲೆ ಬೇಡ, ಅಮಾವಾಸ್ಯೆ ಬೇಡ. ಉತ್ತರ ಬರೆಯದ ಒಬ್ಬ ಯಜಮಾನ ಸಾಕು. ‘ಭೂತ್’ ಚಿತ್ರಮಂದಿರಗಳಿಗೆ ಬಂದು ಒಂದು ತಿಂಗಳಾಗುವುದರೊಳಗೆ ಕೋವಿಡ್ ಕಾರಣದಿಂದ ಚಿತ್ರಮಂದಿರಗಳೇ ಮುಚ್ಚಿದವು. ಅದೇ ವರ್ಷ, ಬಂದರುಗಳು ಬಾಗಿಲು ಹಾಕಿದುದರಿಂದ, ಕರಾರಿನ ಅವಧಿ ಮುಗಿದರೂ ಇಳಿಯಲಾಗದೆ ಲೋಕದ ಹಡಗುಗಳಲ್ಲಿ ಉಳಿದ ನಾವಿಕರ ಸಂಖ್ಯೆ 4 ಲಕ್ಷದವರೆಗೆ ಏರಿತು. ಅವರಲ್ಲಿ ಭಾರತೀಯರು ಕಡಿಮೆಯಿರಲಿಲ್ಲ. ಜಗತ್ತಿಗೆ ಅತಿ ಹೆಚ್ಚು ನಾವಿಕರನ್ನು ಒದಗಿಸುವ ದೇಶಗಳಲ್ಲಿ ನಮ್ಮದೂ ಒಂದು.

ಚಿತ್ರದ ವಿಷಯವಾಗಿ ನನ್ನ ತೀರ್ಮಾನವನ್ನು ಹೇಳಿಬಿಡುತ್ತೇನೆ. ‘ಭೂತ್’ ಅರ್ಧ ಉತ್ತಮ ಚಿತ್ರ. ಅದರ ಮೊದಲ ಗಂಟೆಯನ್ನು ರಾತ್ರಿ ವೇಳೆ, ಸದ್ದು ಚೆನ್ನಾಗಿ ಕೇಳುವಂತೆ ಇಟ್ಟುಕೊಂಡು, ಗಮನವಿಟ್ಟು ನೋಡಿರಿ. ನಮ್ಮ ದೇಶದಲ್ಲಿ ಭಯಾನಕ ರಸವನ್ನು ಇಷ್ಟು ಗೌರವದಿಂದ ನಡೆಸಿಕೊಂಡ ಚಿತ್ರಗಳು ಬೆರಳೆಣಿಕೆಯವು. ಕನ್ನಡದ ನಿರ್ದೇಶಕರಲ್ಲಿ ಯಾರಾದರೂ ಈ ಮಾತನ್ನು ಕೇಳುತ್ತಿದ್ದರೆ, ಚಿತ್ರವು ಎಲ್ಲಿ ಹಾದಿ ತಪ್ಪಿತೋ ಅಲ್ಲಿಂದ ಮುಂದಕ್ಕೆ ನಡೆಯುವ ಕೆಲಸ ನಿಮಗಾಗಿ ಉಳಿದಿದೆ. ನಿಂತುಹೋದ ಬಟ್ಟಿಗಳೂ ಮಿಲ್ಲುಗಳೂ ಖಣಿಗಳೂ ಈ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಅಲ್ಲಿ ದುಡಿದವರನ್ನು ಮೊದಲು ಮಾತಾಡಿಸಿರಿ. ಭೂತದ ಯೋಚನೆ ಅದಾದ ಮೇಲಿರಲಿ.

ಇನ್ನುಳಿದ ಎರಡು ನಿಮಿಷ ತಂದೆತಾಯಿಗಳಿಗಾಗಿ. ಗುಳೆ ಹೋಗಿ ಮುಂಬಯಿ, ಪುಣೆ, ಹೈದರಾಬಾದುಗಳನ್ನು ಕಂಡ ನಮ್ಮ ಸೀಮೆಯ ಮನೆಗಳಿಂದ ಮುಂದೊಂದು ದಿನ ಹುಡುಗನೊಬ್ಬ ಹಡಗಿನ ಕೆಲಸಕ್ಕೂ ಹೊರಟಾನು. ಆಗ ಈ ಸಂಗತಿಗಳು ನೆನಪಿರಲಿ. ಹಡಗಿಗೆ ಆಳು ಕಳುಹಿಸುವ ಏಜೆಂಟನಿಗೆ ಭಾರತ ಸರಕಾರದ ನೌಕಾಯಾನ ಮಹಾನಿರ್ದೇಶನಾಲಯದ ಪರವಾನಗಿ ಇರಲೇಬೇಕು; ಇಲ್ಲದವನ ಕೈಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಾವಿಕರ ಶ್ರಮದ ವಿಷಯದಲ್ಲಿ 2006ರಲ್ಲಿ ಆದ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಭಾರತವು 2015ರಲ್ಲಿ ಅಂಗೀಕರಿಸಿದೆ. ಅದಕ್ಕೆ ಆಮೇಲೆ ಸೇರಿಸಿ, 2017ರಿಂದ ಜಾರಿಗೆ ಬಂದ ನಿಯಮದಂತೆ, ಎರಡು ತಿಂಗಳ ಸಂಬಳ ಕೊಡದೆ ಸಂಬಂಧ ಕಡಿದುಕೊಂಡ ಯಜಮಾನನು ನಾವಿಕನನ್ನು ತೊರೆದನೆಂದೇ ಅರ್ಥ. ಊಟ ನೀರು ಒದಗಿಸದಿದ್ದರೂ, ಊರಿಗೆ ಮರಳುವ ಖರ್ಚು ಕೊಡದಿದ್ದರೂ ಹಾಗೆಯೇ. ಅಂಥ ಸಮಯದಲ್ಲಿ ನಾವಿಕನನ್ನು ಮನೆಗೆ ತಲುಪಿಸಲು, ಬಾಕಿಯಾದ ಸಂಬಳದಲ್ಲಿ ನಾಲ್ಕು ತಿಂಗಳವರೆಗಿನದನ್ನು ತೀರಿಸಲು, ಒಡಂಬಡಿಕೆಗೆ ಒಳಪಟ್ಟ ಹಡಗು ಮುಂಚಿತವಾಗಿ ಧನದ ಭದ್ರತೆಯನ್ನು ಒದಗಿಸಿಟ್ಟಿರತಕ್ಕದ್ದು. ಅದರ ಪ್ರಮಾಣಪತ್ರ ಹಡಗಿನಲ್ಲಿ ಎಲ್ಲರ ಕಣ್ಣಿಗೆ ಕಾಣುವಂತೆ ತೂಗುಹಾಕಿರಬೇಕು. ಹುಡುಗನು ಹಡಗು ಹತ್ತಿದ ದಿನವೇ ಆ ಪತ್ರವನ್ನು ನೋಡಿ ಅದರ ಚಿತ್ರ ತೆಗೆದು ಮನೆಗೆ ಕಳುಹಿಸಲಿ. ಎರಡು ತಿಂಗಳು ಸಂಬಳ ಬರಲಿಲ್ಲವೆಂದರೆ ಮೂರನೆಯದಕ್ಕೆ ಕಾಯದೆ ಮುಂಬಯಿಯಲ್ಲಿರುವ ಮಹಾನಿರ್ದೇಶನಾಲಯಕ್ಕೆ ಬರೆಯಿರಿ.